ಮನೆಗೂ ಕಾರಿಗೂ ಇಎಂಪಿ ರಕ್ಷಣೆ: ಎರಡು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಡಾಲಸ್ ನಗರದ ಉತ್ತರಕ್ಕಿರುವ ಬಡಾವಣೆಯೊಂದರಲ್ಲಿ ನಮ್ಮ ಮನೆ. 2023ರ ಮಾರ್ಚ್ ತಿಂಗಳಿನಲ್ಲಿ ಮನೆಗೆ ಒಂದು, ಕಾರಿಗೆ ಒಂದು ಎಂದು ಎರಡು ಇಎಂಪಿ (ಅಣುಬಾಂಬಿನ ಸ್ಫೋಟದಿಂದ ಹುಟ್ಟಿ ವಿದ್ಯುತ್ ಉಪಕರಣಗಳನ್ನು ಕೆಡಿಸುವ ವಿದ್ಯುತ್ಕಾಂತೀಯ ಹೊಡೆತ) ರಕ್ಷಣಾ ಉಪಕರಣಗಳನ್ನೂ ಅವುಗಳೊಂದಿಗೆ ಲೋಹದ ಪದರವಿರುವ ಐದು ಚೀಲಗಳನ್ನೂ ಕೊಂಡೆವು. ಮನೆಯ ಉಪಕರಣಕ್ಕೆ 400 ಡಾಲರ್, ಕಾರಿನದಕ್ಕೆ 300, ಚೀಲಗಳಿಗೆ 60, ಜೋಡಿಸಲು ಬಂದ ಎಲೆಕ್ಟ್ರಿಷಿಯನ್‌ಗೆ 180, ಹೀಗೆ ಒಟ್ಟು 940 ಡಾಲರ್ ಖರ್ಚಾಯಿತು. ಇದು ಸಣ್ಣ ಮೊತ್ತವಲ್ಲ. ಇಷ್ಟು ಹಣ ಕೊಟ್ಟ ಮೇಲೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಇಲ್ಲಿನ ಕನ್ನಡದ ಸ್ನೇಹಿತರು ಮೇಲಿಂದ ಮೇಲೆ ಕೇಳುತ್ತಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ. ಇದೇ ಮಾದರಿಯ ಉಪಕರಣವನ್ನು ಹಲವು ಕಂಪನಿಗಳು ಮಾರುತ್ತಿವೆ. ಹೇಳಬೇಕಾಗಿರುವುದು ಉಪಕರಣದ ಜಾತಿಯ ಬಗ್ಗೆಯೇ ಆದ್ದರಿಂದ ನಾನು ಕೊಂಡ ಕಂಪನಿಯ ಹೆಸರನ್ನು ಬರೆಯುವುದಿಲ್ಲ.

ಇಂಥ ವಸ್ತುವಿನ ಕಡೆಗೆ ನಮ್ಮ ಮನಸ್ಸು ಹೊರಳಲು ಕಾರಣವಾದದ್ದು ಯುದ್ಧದ ಭಯಕ್ಕಿಂತ ಹೆಚ್ಚಾಗಿ 2021ರ ಫೆಬ್ರವರಿಯ ಚಳಿ. ಆ ವಾರ ಟೆಕ್ಸಾಸ್‌ನಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ ಮತ್ತು ಅಂಗಡಿಗಳಿಗೆ ವಿದ್ಯುತ್ ನಿಂತುಹೋಯಿತು, ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ 246 ಜನ ತೀರಿಕೊಂಡರು, ಇಡೀ ರಾಜ್ಯದ ವಿದ್ಯುತ್ ಜಾಲ ಪೂರ್ತಿಯಾಗಿ ಕುಸಿಯುವುದಕ್ಕೆ 4 ನಿಮಿಷ 37 ಸೆಕೆಂಡುಗಳಷ್ಟೇ ಬಾಕಿ ಇದ್ದವು ಎಂಬುದು ಆಮೇಲೆ ತಿಳಿಯಿತು. ನಮ್ಮ ಮನೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಅಡುಗೆಮನೆಯ ಹೊರಗೋಡೆಯೊಳಗಿನ ಕೊಳವೆ ಹೆಪ್ಪುಗಟ್ಟಿ ಸೀಳಿತು. ಕೂಸಿನ ಹಾಲನ್ನು ಬೆಚ್ಚಗೆ ಮಾಡಲು ನಾನು ಮೇಣದಬತ್ತಿಯ ಮೇಲೆ ಸ್ಟೀಲಿನ ಲೋಟ ಹಿಡಿದು ಕೂತಿದ್ದೆ. ಹವಾಮಾನವೇ ಇಷ್ಟು ಮಾಡಬಹುದಾದರೆ, ಬೇಕೆಂದೇ ಜಾಲವನ್ನು ಕೆಡವುವ ದಾಳಿಯೊಂದು ಏನು ಮಾಡೀತು ಎಂಬ ಯೋಚನೆ ಅಂದಿನಿಂದ ನಮ್ಮವರನ್ನೂ ನನ್ನನ್ನೂ ಬಿಡಲಿಲ್ಲ. ನಾನು ಇಲೆಕ್ಟ್ರಾನಿಕ್ಸ್ ಓದಿದವಳಾದ್ದರಿಂದ ಮಾರಾಟದ ಮಾತಿನ ಹಿಂದಿರುವ ವಿಜ್ಞಾನವನ್ನು ತಿಳಿಯದೆ ಹಣ ಕೊಡಲು ಮನಸ್ಸಾಗಲಿಲ್ಲ. ಆದರೂ ಕಾರಿನ ವಿಷಯದಲ್ಲಿ ಅವಸರ ಮಾಡಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಇಎಂಪಿ ಎಂದರೆ ವಿದ್ಯುತ್ಕಾಂತೀಯ ಸ್ಪಂದ. ಅಣುಬಾಂಬೊಂದು ವಾತಾವರಣದ ಆಚೆಗೆ, ನೂರಾರು ಕಿಲೋಮೀಟರ್ ಎತ್ತರದಲ್ಲಿ ಸಿಡಿದರೆ ಅದರ ಗಾಮಾ ಕಿರಣಗಳು ಮೇಲ್ಪದರದ ಗಾಳಿಯಿಂದ ಇಲೆಕ್ಟ್ರಾನ್‌ಗಳನ್ನು ಬಡಿದೆಬ್ಬಿಸುತ್ತವೆ, ಭೂಮಿಯ ಕಾಂತಕ್ಷೇತ್ರ ಆ ಇಲೆಕ್ಟ್ರಾನ್‌ಗಳನ್ನು ತಿರುಗಿಸುತ್ತದೆ, ಆ ತಿರುಗಾಟದಿಂದ ಹುಟ್ಟಿದ ಸ್ಪಂದ ಕೆಳಗಿನ ಸಾವಿರಾರು ಕಿಲೋಮೀಟರ್ ಅಗಲದ ನೆಲದ ಮೇಲೆ ಒಮ್ಮೆಗೇ ಎರಗುತ್ತದೆ. 1962ರ ಜುಲೈನಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಜಾನ್‌ಸ್ಟನ್ ದ್ವೀಪದ ಮೇಲೆ 400 ಕಿಲೋಮೀಟರ್ ಎತ್ತರದಲ್ಲಿ 1.4 ಮೆಗಾಟನ್ ಬಾಂಬನ್ನು ಸಿಡಿಸಿದಾಗ, 1,400 ಕಿಲೋಮೀಟರಿಗೂ ದೂರವಿದ್ದ ಹವಾಯಿಯಲ್ಲಿ ಸುಮಾರು 300 ಬೀದಿದೀಪಗಳು ಆರಿದವು, ಕಳ್ಳರ ಎಚ್ಚರಿಕೆಗೆಂದು ಹಾಕಿದ್ದ ಗಂಟೆಗಳು ತಾವಾಗಿಯೇ ಬಡಿದುಕೊಂಡವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಕಝಕಸ್ತಾನದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಸುಮಾರು 570 ಕಿಲೋಮೀಟರ್ ಉದ್ದದ ದೂರವಾಣಿ ತಂತಿಯ ಫ್ಯೂಸ್‌ಗಳು ಹಾರಿಹೋದವು. ಇದು ಕಟ್ಟುಕತೆಯಲ್ಲ, ನಡೆದ ಸಂಗತಿ ಎಂಬುದಕ್ಕೆ ಇಷ್ಟು ಸಾಕು.

ಈ ಸ್ಪಂದದಲ್ಲಿ ಮೂರು ಭಾಗಗಳಿವೆ. ಯಾವ ಉಪಕರಣ ಯಾವ ಭಾಗಕ್ಕೆ ಎಂಬುದು ಗೊತ್ತಿಲ್ಲದಿದ್ದರೆ ಅಂಗಡಿಯವರು ಹೇಳಿದ್ದೆಲ್ಲ ಸರಿಯೆಂದೇ ತೋರುತ್ತದೆ. ಇ-1 ಎಂಬ ಮೊದಲ ಭಾಗ ಕೆಲವೇ ನ್ಯಾನೋಸೆಕೆಂಡುಗಳಲ್ಲಿ (ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗವೇ ಒಂದು ನ್ಯಾನೋಸೆಕೆಂಡು) ಮೇಲೇರುತ್ತದೆ; ಅದರ ಬಲವನ್ನು ಮೀಟರಿಗೆ 50,000 ವೋಲ್ಟ್ ಎಂದು ಹಿಡಿದು ಸೇನಾ ಪರೀಕ್ಷೆಗಳನ್ನು ನಡೆಸುತ್ತಾರೆ; ಚಿಪ್‌ಗಳನ್ನು ಕೊಲ್ಲುವುದು ಇದೇ. ಇ-2 ಎಂಬ ಎರಡನೆಯದು ಹೆಚ್ಚುಕಡಿಮೆ ಸಿಡಿಲಿನಿಂದ ಬರುವ ಆಘಾತದಂಥದ್ದು. ಇ-3 ಎಂಬ ಮೂರನೆಯದು ನಿಧಾನವಾಗಿ, ಸೆಕೆಂಡುಗಳಿಂದ ನಿಮಿಷಗಳವರೆಗೆ ಹರಿಯುತ್ತದೆ. ನೂರಾರು ಕಿಲೋಮೀಟರ್ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ನೇರ ವಿದ್ಯುತ್ತಿನಂಥ ಪ್ರವಾಹವನ್ನು ಹುಟ್ಟಿಸಿ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳನ್ನು ಕಾಯಿಸುತ್ತದೆ. ಸೌರ ಬಿರುಗಾಳಿ ಮಾಡುವುದೂ ಇದನ್ನೇ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲೆಯಲ್ಲಿದ್ದುದಕ್ಕೆ ಸೂರ್ಯನೇ ಕಾರಣ.

ಈಗ ಮನೆಯ ಉಪಕರಣದ ವಿಷಯ. ಇದು ಊಟದ ಡಬ್ಬಿಯಷ್ಟು ದೊಡ್ಡದಾದ ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ ಇರುವುದು ಮುಖ್ಯವಾಗಿ ಸತುವಿನ ಆಕ್ಸೈಡ್‌ನಿಂದ ಮಾಡಿದ ಬಿಲ್ಲೆಗಳು. ಮಾಮೂಲಿ ವೋಲ್ಟೇಜಿನಲ್ಲಿ ಅವು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ವೋಲ್ಟೇಜ್ ಮಿತಿ ಮೀರಿದ ಕೂಡಲೇ ದಾರಿ ಬಿಟ್ಟು ಹೆಚ್ಚಿನದ್ದನ್ನು ಬೇರೆ ತಂತಿಗೂ ಭೂಮಿಗೂ ಹರಿಸಿಬಿಡುತ್ತವೆ. ಇದನ್ನು ಸರ್ಜ್ ಪ್ರೊಟೆಕ್ಟರ್ ಎಂದು ಕರೆದರೆ ಯಾವ ತಪ್ಪೂ ಇಲ್ಲ. ಅಮೆರಿಕದ ವಿದ್ಯುತ್ ಸಂಹಿತೆ 2020ರ ಆವೃತ್ತಿಯಿಂದ ಹೊಸ ಮನೆಗಳ ಸಂಪರ್ಕಕ್ಕೆ ಇಂಥದ್ದೊಂದನ್ನು ಕಡ್ಡಾಯ ಮಾಡಿದೆ. ಇಎಂಪಿ ಎಂಬ ಹೆಸರಿಲ್ಲದ, ಯುಎಲ್ 1449 ಎಂಬ ಸುರಕ್ಷತಾ ಮಾನದಂಡಕ್ಕೆ ಒಪ್ಪಿಗೆಯಾದ ಸಾಮಾನ್ಯ ಸರ್ಜ್ ಪ್ರೊಟೆಕ್ಟರ್ ನಮ್ಮ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ 120 ಡಾಲರಿಗೆ ಸಿಗುತ್ತಿತ್ತು. ಆ ಹೆಚ್ಚುವರಿ 280 ಡಾಲರ್ ಏತಕ್ಕೆ ಎಂಬುದೇ ಈ ವಿಮರ್ಶೆಯ ಮುಖ್ಯ ಪ್ರಶ್ನೆ.

ಎಲೆಕ್ಟ್ರಿಷಿಯನ್ ಒಳ್ಳೆಯ ಕೆಲಸಗಾರ. ಗ್ಯಾರೇಜಿನ ಬ್ರೇಕರ್ ಪ್ಯಾನೆಲ್ ತೆರೆದು, ಪಕ್ಕದಲ್ಲಿ ಪೆಟ್ಟಿಗೆಯನ್ನು ಕೂರಿಸಿ, ಮುಕ್ಕಾಲು ಗಂಟೆಯಲ್ಲಿ ಮುಗಿಸಿದರು. ಆದರೆ ಪೆಟ್ಟಿಗೆಯ ಜೊತೆ ಬಂದಿದ್ದ ಒಂದು ಮೀಟರ್ ಉದ್ದದ ತಂತಿಗಳನ್ನು ಕತ್ತರಿಸದೆ, ಉಳಿದದ್ದನ್ನು ಅಂದವಾಗಿ ಸಿಂಬಿ ಸುತ್ತಿ ಪ್ಯಾನೆಲಿನ ಮೂಲೆಯಲ್ಲಿ ಸಿಕ್ಕಿಸಿದ್ದರು. ನೋಡಲು ಚೆನ್ನಾಗಿತ್ತು, ಕೆಲಸಕ್ಕೆ ಕೇಡಾಗಿತ್ತು. ನೇರವಾದ ಒಂದು ಮೀಟರ್ ತಂತಿಗೆ ಸುಮಾರು ಒಂದು ಮೈಕ್ರೋಹೆನ್ರಿಯಷ್ಟು ಇಂಡಕ್ಟೆನ್ಸ್, ಎಂದರೆ ಪ್ರವಾಹದ ದಿಢೀರ್ ಏರಿಕೆಗೆ ಅಡ್ಡಿಯಾಗುವ ಗುಣ, ಇರುತ್ತದೆ. ಒಂದು ಮೈಕ್ರೋಸೆಕೆಂಡಿನಲ್ಲಿ ಸಾವಿರ ಆಂಪಿಯರ್ ಏರುವ ಆಘಾತ ಬಂದರೆ ಆ ತಂತಿಯೊಂದರ ಮೇಲೆಯೇ ಸಾವಿರ ವೋಲ್ಟ್ ನಿಲ್ಲುತ್ತದೆ, ಸಿಂಬಿ ಸುತ್ತಿದ್ದರೆ ಇನ್ನೂ ಹೆಚ್ಚು. ಒಳಗಿನ ಬಿಲ್ಲೆ ಎಷ್ಟೇ ಚುರುಕಾಗಿರಲಿ, ಆ ಸಾವಿರ ವೋಲ್ಟ್ ಮನೆಯೊಳಗೆ ಬಂದೇ ಬರುತ್ತದೆ. ಇದು ಸಿಡಿಲಿನ ಲೆಕ್ಕ; ಇ-1 ಇದಕ್ಕಿಂತ ಎಷ್ಟೋ ಪಟ್ಟು ಕಡಿದಾಗಿ ಏರುವುದರಿಂದ ಅದರ ಎದುರು ಉದ್ದನೆಯ ತಂತಿ ಎಂದರೆ ಉಪಕರಣವೇ ಇಲ್ಲ ಎಂದಂತೆ. ನಾನು ಇದನ್ನು ವಿವರಿಸಿದಾಗ ಅವರು ಬೇಸರಪಡದೆ ಮತ್ತೆ ಮುಚ್ಚಳ ಬಿಚ್ಚಿ, ಪೆಟ್ಟಿಗೆಯನ್ನು ಪ್ಯಾನೆಲಿಗೆ ಅಂಟಿದಂತೆ ಸರಿಸಿ, ತಂತಿಗಳನ್ನು ಒಂದು ಗೇಣಿಗಿಂತ ಕಡಿಮೆಗೆ ಕತ್ತರಿಸಿ, ಸುರುಳಿಯಿಲ್ಲದೆ ಬಿಗಿದುಕೊಟ್ಟರು. ಇದನ್ನು ಕೊಳ್ಳುವವರು ಬೇರೇನನ್ನು ಮರೆತರೂ ಇದೊಂದನ್ನು ಮರೆಯಬಾರದು. ನಾನು ಓದಿದ ಕೈಪಿಡಿಯಲ್ಲಿ ಈ ಮಾತು ಹನ್ನೊಂದನೆಯ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಇರಬೇಕಾಗಿತ್ತು.

ಉಪಕರಣಕ್ಕೆ ನಿಜವಾದ ಪರೀಕ್ಷೆ ಬಂದದ್ದು ಮರುವರ್ಷದ ಏಪ್ರಿಲ್‌ನ ಒಂದು ರಾತ್ರಿ. ಹಿಂದಿನ ಬೀದಿಯ ಮರವೊಂದಕ್ಕೆ ಸಿಡಿಲು ಬಡಿಯಿತು. ಕಿಟಕಿಯ ಗಾಜುಗಳು ನಡುಗಿದವು. ಬೆಳಗ್ಗೆ ನೋಡಿದರೆ ಫ್ರಿಜ್ಜು, ಹವಾನಿಯಂತ್ರಣ, ಗ್ಯಾರೇಜಿನ ಬಾಗಿಲಿನ ಯಂತ್ರ ಎಲ್ಲವೂ ಸುಸೂತ್ರವಾಗಿದ್ದವು. ಎದುರು ಮನೆಯವರ ಬಾಗಿಲಿನ ಯಂತ್ರ ಕೆಟ್ಟಿತ್ತು. ಇದು ಉಪಕರಣದಿಂದಲೇ ಆಯಿತು ಎಂದು ನಾನು ಆಣೆಯಿಟ್ಟು ಹೇಳಲಾರೆ, ಆದರೆ ಪೆಟ್ಟಿಗೆಯ ಮೂರು ಹಸಿರು ದೀಪಗಳಲ್ಲಿ ಒಂದು ಆರಿತ್ತು. ಎಂದರೆ ಒಂದು ಬಿಲ್ಲೆ ಹೊಡೆತ ತಿಂದಿತ್ತು. ಆದರೂ ನಮ್ಮ ಇಂಟರ್‌ನೆಟ್ ಮೋಡೆಮ್ ಉಳಿಯಲಿಲ್ಲ. ಮುಚ್ಚಳ ತೆಗೆದು ನೋಡಿದಾಗ ಸುಟ್ಟ ವಾಸನೆಯೊಂದಿಗೆ, ಕೇಬಲ್ ಸಿಕ್ಕಿಸುವ ಜಾಗದ ಹಿಂದೆ ಕಪ್ಪಗೆ ಹೊಗೆ ಹಿಡಿದಿತ್ತು. ಆಘಾತ ಬಂದದ್ದು ವಿದ್ಯುತ್ ತಂತಿಯಿಂದಲ್ಲ, ಬೀದಿಯಿಂದ ಮನೆಗೆ ಬರುವ ಇಂಟರ್‌ನೆಟ್ ಕೇಬಲಿನಿಂದ. ತಲೆಬಾಗಿಲಿಗೆ ಅಗುಳಿ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತಾಗಿತ್ತು ನಮ್ಮ ರಕ್ಷಣೆ. ಮನೆಯೊಳಗೆ ಬರುವ ಪ್ರತಿಯೊಂದು ಲೋಹದ ತಂತಿಯೂ, ಅದು ಟಿವಿ ಆಂಟೆನಾದ್ದಾಗಲಿ, ದೂರವಾಣಿಯದ್ದಾಗಲಿ, ಚಾವಣಿಯ ಸೌರ ಫಲಕದ್ದಾಗಲಿ, ಆಘಾತಕ್ಕೆ ಒಂದು ಬಾಗಿಲೇ. ಆ ತಿಂಗಳೇ ನಾವು ಗಾಜಿನ ಎಳೆಯ (ಫೈಬರ್) ಸಂಪರ್ಕಕ್ಕೆ ಬದಲಾಯಿಸಿಕೊಂಡೆವು. ಬೆಳಕನ್ನು ಹೊತ್ತುತರುವ ಎಳೆಯಲ್ಲಿ ಆಘಾತ ಹರಿದು ಬರುವುದಿಲ್ಲ.

ಹಾಗಾದರೆ ಇಎಂಪಿಯ ಎದುರು ಈ ಪೆಟ್ಟಿಗೆ ಎಷ್ಟು ಉಪಯೋಗ? ಇ-2 ಭಾಗಕ್ಕೆ ಖಂಡಿತ ಉಪಯೋಗ, ಏಕೆಂದರೆ ಅದು ಸಿಡಿಲಿನ ಬಂಧು. ತಂತಿಗಳು ಗಿಡ್ಡವಾಗಿದ್ದರೆ, ಬೀದಿಯ ಮಾರ್ಗದಿಂದ ಬರುವ ಇ-1ರ ಬಹುಪಾಲನ್ನು ತಡೆಯಬಹುದು. ಆದರೆ ಇ-1 ಬೀದಿಯಿಂದ ಮಾತ್ರ ಬರುವುದಿಲ್ಲ. ಗೋಡೆಯೊಳಗಿನ ವೈರಿಂಗ್, ಟಿವಿಯ ಹಿಂದೆ ಇಳಿಬಿದ್ದ ಐದು ಮೀಟರ್ ಎಕ್ಸ್‌ಟೆನ್ಷನ್, ಇವೆಲ್ಲವೂ ಆಂಟೆನಾದಂತೆ ಅದನ್ನು ನೇರವಾಗಿ ಹಿಡಿಯುತ್ತವೆ. ಪ್ಯಾನೆಲಿನ ಪಕ್ಕ ಕೂತ ಪೆಟ್ಟಿಗೆ ಅದನ್ನು ಕಾಣುವುದೇ ಇಲ್ಲ. ಸೇನೆಯವರು ತಮ್ಮ ಸಂಪರ್ಕ ಕೇಂದ್ರಗಳನ್ನು ಕಾಯುವಾಗ ಇಡೀ ಕೋಣೆಯನ್ನೇ ಬೆಸುಗೆ ಹಾಕಿದ ಉಕ್ಕಿನ ತಗಡಿನಿಂದ ಮುಚ್ಚಿ, ಒಳಬರುವ ಪ್ರತಿ ತಂತಿಗೂ ಬಾಗಿಲಲ್ಲೇ ಫಿಲ್ಟರ್ ಹಾಕುವುದು ಈ ಕಾರಣಕ್ಕೆ. ಇ-3ರ ವಿಷಯದಲ್ಲಂತೂ ಮನೆಯವರು ಮಾಡಬಹುದಾದದ್ದು ಮೇನ್ ಬ್ರೇಕರ್ ಇಳಿಸುವುದೊಂದೇ. ಪೆಟ್ಟಾಗುವುದು ಊರಾಚೆಯ ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರಿಗೆ, ಅದು ಹೋದರೆ ಹೊಸದು ಬರಲು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. 2024ರ ಮೇ 10ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಬೀಸಿದಾಗ ಟೆಕ್ಸಾಸ್‌ನ ಆಕಾಶದಲ್ಲೂ ಧ್ರುವಪ್ರಭೆಯ ಕೆಂಪು ಕಾಣಿಸಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ ಇಟ್ಟಿರುವ ಕ್ಯಾಮೆರಾಗಳೂ ಆ ಬೆಳಕನ್ನು ಸೆರೆಹಿಡಿದವು. ಮಕ್ಕಳನ್ನು ಎಬ್ಬಿಸಿ ಹಿತ್ತಲಿನಲ್ಲಿ ನಿಂತು ನೋಡಿದೆವು. ಆ ರಾತ್ರಿ ಪೆಟ್ಟಿಗೆಯ ದೀಪಗಳಲ್ಲಿ ಏನೂ ಬದಲಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಕಾರಿನ ಉಪಕರಣದ ವಿಷಯಕ್ಕೆ ಬಂದರೆ ನನಗೆ ನಿಜವಾಗಿಯೂ ನೋವಿದೆ. ಅದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ. ಕೆಂಪು, ಕಪ್ಪು ತಂತಿಗಳನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೂ ಹಸಿರು ತಂತಿಯನ್ನು ಕಾರಿನ ಒಡಲಿಗೂ ಜೋಡಿಸಿದರೆ ಮುಗಿಯಿತು. ಬಾನೆಟ್ಟಿನ ಕೆಳಗೆ ಹತ್ತು ನಿಮಿಷದ ಕೆಲಸ. ಇಷ್ಟರಿಂದ ಇಡೀ ಕಾರಿಗೆ ರಕ್ಷಣೆ ಎಂದು ಜಾಹೀರಾತು ಹೇಳುತ್ತದೆ. ಬ್ಯಾಟರಿ ತಾನೇ ವೋಲ್ಟೇಜಿನ ಏರಿಳಿತವನ್ನು ನುಂಗಿಕೊಳ್ಳುವ ವಸ್ತು. ಕಾರಿನಲ್ಲಿ ಅದಕ್ಕಿಂತ ಗಟ್ಟಿಯಾದ ಜಾಗ ಇನ್ನೊಂದಿಲ್ಲ. ಸ್ಪಂದ ಹಿಡಿಯುವುದು ಬಂಪರಿನ ಸೆನ್ಸರಿನಿಂದ ಡ್ಯಾಷ್‌ಬೋರ್ಡಿನವರೆಗೆ, ಎಂಜಿನ್ನಿನಿಂದ ಹಿಂದಿನ ದೀಪದವರೆಗೆ ಓಡುವ ನೂರಾರು ತೆಳು ತಂತಿಗಳನ್ನು. ಅವುಗಳಿಗೂ ಬ್ಯಾಟರಿಯ ಮೇಲಿರುವ ಈ ಪೆಟ್ಟಿಗೆಗೂ ನಡುವೆ ಮೀಟರುಗಟ್ಟಲೆ ತಂತಿಯಿದೆ. ಮನೆಯ ಪ್ಯಾನೆಲಿನಲ್ಲಿ ಒಂದು ಮೀಟರನ್ನೇ ಒಪ್ಪದ ನಾನು ಕಾರಿನಲ್ಲಿ ಇದನ್ನು ಹೇಗೆ ಒಪ್ಪಿದೆ ಎಂಬುದಕ್ಕೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ಎರಡನ್ನೂ ಒಟ್ಟಿಗೆ ಕೊಂಡರೆ ರಿಯಾಯಿತಿ ಎಂದಿದ್ದರು, ಕೊಂಡುಬಿಟ್ಟೆ.

ಆಮೇಲೆ ಕೂತು ಓದಿದೆ. ಅಮೆರಿಕದ ಸಂಸತ್ತು ನೇಮಿಸಿದ್ದ ಇಎಂಪಿ ಆಯೋಗ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ವಾಹನಗಳ ಮೇಲೆ ನಡೆಸಿದ ಪರೀಕ್ಷೆಗಳ ವಿವರವಿದೆ. 1986ರಿಂದ 2002ರವರೆಗಿನ ಮಾದರಿಗಳ 37 ಕಾರುಗಳನ್ನು ಪ್ರಯೋಗಾಲಯದ ಸ್ಪಂದಕ್ಕೆ ಒಡ್ಡಿದಾಗ, ಎಂಜಿನ್ ನಿಲ್ಲಿಸಿದ್ದ ಯಾವ ಕಾರಿಗೂ ಏನೂ ಆಗಲಿಲ್ಲ. ಎಂಜಿನ್ ಓಡುತ್ತಿದ್ದವುಗಳಲ್ಲಿ ಮೂರು, ಮೀಟರಿಗೆ ಸುಮಾರು 30,000 ವೋಲ್ಟ್ ದಾಟಿದ ಮೇಲೆ ನಿಂತುಹೋದವು. ಕೀಲಿ ತಿರುಗಿಸಿದರೆ ಮತ್ತೆ ಹೊರಡುವಂಥವು. ಮಿಕ್ಕ ಹೆಚ್ಚಿನವುಗಳಲ್ಲಿ ಡ್ಯಾಷ್‌ಬೋರ್ಡಿನ ದೀಪ ಮಿಣುಕಿದಂಥ ಸಣ್ಣಪುಟ್ಟ ತೊಂದರೆ. 18 ಲಾರಿಗಳಲ್ಲಿ ಮೂರು ನಿಂತವು, ಒಂದನ್ನು ಮಾತ್ರ ಎಳೆದುಕೊಂಡು ಗ್ಯಾರೇಜಿಗೆ ಒಯ್ಯಬೇಕಾಯಿತು. ಇವುಗಳಲ್ಲಿ ಯಾವುದರ ಬ್ಯಾಟರಿಗೂ 300 ಡಾಲರಿನ ಪೆಟ್ಟಿಗೆಯಿರಲಿಲ್ಲ. ಇದನ್ನು ಓದಿ ಇಂದಿನ ಕಾರುಗಳೂ ಹಾಗೆಯೇ ಉಳಿಯುತ್ತವೆ ಎಂದು ನಾನು ಹೇಳುತ್ತಿಲ್ಲ; ಅಂದಿನ ಕಾರುಗಳಿಗಿಂತ ಇಂದಿನವುಗಳಲ್ಲಿ ಕಂಪ್ಯೂಟರ್‌ಗಳು ಬಹಳ ಹೆಚ್ಚು, ಬ್ಯಾಟರಿ ಕಾರುಗಳಂತೂ ಆ ಪರೀಕ್ಷೆಯಲ್ಲಿ ಇರಲೇ ಇಲ್ಲ. ಆದರೆ ಕಾರೆಲ್ಲ ಒಂದೇ ಕ್ಷಣದಲ್ಲಿ ಕಬ್ಬಿಣದ ರಾಶಿಯಾಗುತ್ತದೆ ಎಂದು ಹೆದರಿಸಿ ಮಾರುವವರ ಮಾತಿಗೆ ಆ ವರದಿಯ ಆಧಾರವಿಲ್ಲ.

ಕಂಪನಿಯ ಪರೀಕ್ಷಾ ಪತ್ರವನ್ನೂ ಸಾಲುಸಾಲಾಗಿ ಓದಿದೆ. ಮಿಲ್-ಎಸ್‌ಟಿಡಿ-461 ಎಂಬ ಸೇನಾ ಮಾನದಂಡದ ಹೆಸರು ಅದರ ಮೇಲೆ ದೊಡ್ಡದಾಗಿತ್ತು. ಆ ಮಾನದಂಡದ ಆರ್‌ಎಸ್-105 ಎಂಬ ಪರೀಕ್ಷೆಯಲ್ಲಿ ವಸ್ತುವನ್ನು ಇ-1ರಂಥ ಸ್ಪಂದದಲ್ಲಿ ಇಟ್ಟು, ಅದು ಕೆಡುತ್ತದೆಯೋ ಇಲ್ಲವೋ ನೋಡುತ್ತಾರೆ. ನಾನು ನೋಡಿದ ಪತ್ರದಲ್ಲಿ ಸ್ಪಂದಕ್ಕೆ ಒಡ್ಡಿದ್ದು ಆ ಪೆಟ್ಟಿಗೆಯನ್ನು, ಕಾರನ್ನಲ್ಲ. ಪೆಟ್ಟಿಗೆ ಉಳಿಯಿತು ಎಂಬುದು ನಿಜವೇ ಇರಬಹುದು. ಪೆಟ್ಟಿಗೆ ಉಳಿದರೆ ಕಾರು ಉಳಿಯಿತು ಎಂದಾಗುವುದಿಲ್ಲ. ಛತ್ರಿ ಹರಿಯಲಿಲ್ಲ ಎಂಬುದಕ್ಕೂ ಹಿಡಿದವರು ನೆನೆಯಲಿಲ್ಲ ಎಂಬುದಕ್ಕೂ ಇರುವಷ್ಟೇ ಅಂತರ ಇದು. ಒಂದೇ ಮಾದರಿಯ ಎರಡು ಕಾರುಗಳನ್ನು, ಒಂದಕ್ಕೆ ಉಪಕರಣ ಹಾಕಿ ಇನ್ನೊಂದಕ್ಕೆ ಹಾಕದೆ, ಪರೀಕ್ಷಿಸಿದ ವರದಿ ಇದೆಯೇ ಎಂದು ನಾನು ಪತ್ರ ಬರೆದೆ. ಮೂರು ದಿನದಲ್ಲಿ ಬಹಳ ಸೌಜನ್ಯದ ಉತ್ತರ ಬಂತು. ಅದರ ಜೊತೆ ಮತ್ತೆ ಅದೇ ಪತ್ರವನ್ನು ಲಗತ್ತಿಸಿದ್ದರು.

ನಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. 2023ರ ಡಿಸೆಂಬರ್‌ನಲ್ಲಿ ಐದು ವಾರ ಊರಿಗೆ ಹೋಗಿದ್ದೆವು. ಮರಳಿ ಬಂದಾಗ ಕಾರು ಹೊರಡಲಿಲ್ಲ. ಉಪಕರಣದ ಮೇಲೆ ಹಗಲಿರುಳೂ ಉರಿಯುವ ದೀಪವಿದೆ. ಮಲ್ಟಿಮೀಟರ್ ಹಿಡಿದರೆ ಅದು 10 ಮಿಲಿಆಂಪಿಯರ್ ಎಳೆಯುತ್ತಿತ್ತು. ಐದು ವಾರಕ್ಕೆ 8 ಆಂಪಿಯರ್-ಗಂಟೆಗಿಂತ ಸ್ವಲ್ಪ ಹೆಚ್ಚು. ಕಾರೇ ನಿಂತಲ್ಲಿ ಎಳೆಯುವುದು ಇದಕ್ಕಿಂತ ಹೆಚ್ಚಿರುವುದರಿಂದ ಎಲ್ಲ ತಪ್ಪನ್ನೂ ಇದರ ಮೇಲೆ ಹೊರಿಸುವುದು ನ್ಯಾಯವಲ್ಲ, ಬ್ಯಾಟರಿಗೂ ನಾಲ್ಕು ವರ್ಷವಾಗಿತ್ತು. ಆದರೂ ಆಪತ್ತಿನ ದಿನ ಕಾರು ಹೊರಡಲಿ ಎಂದು ಕೊಂಡ ವಸ್ತುವೇ ಮಾಮೂಲಿ ದಿನದಲ್ಲಿ ಬ್ಯಾಟರಿಯನ್ನು ಬರಿದು ಮಾಡಲು ಕೈಜೋಡಿಸಿದ್ದನ್ನು ನಾನು ಕ್ಷಮಿಸಲಾರೆ. ವಾಪಸು ಕೊಡುವ 30 ದಿನಗಳ ಗಡುವು ಯಾವಾಗಲೋ ಮುಗಿದಿತ್ತು. ಬಿಚ್ಚಿ ತೆಗೆದೆ.

ಚೀಲಗಳು ಈ ಕಟ್ಟಿನಲ್ಲೇ ಅಗ್ಗದ ವಸ್ತು, ನನಗೆ ಹೆಚ್ಚು ತೃಪ್ತಿ ಕೊಟ್ಟಿರುವುದೂ ಅವೇ. ಲೋಹದಿಂದ ಪೂರ್ತಿ ಮುಚ್ಚಿದ ಜಾಗದೊಳಗೆ ಹೊರಗಿನ ವಿದ್ಯುತ್ತಿನ ಪ್ರಭಾವ ನುಗ್ಗಲಾರದು ಎಂದು ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿದ ತತ್ವದ ಮೇಲೆ ಇವು ನಿಂತಿವೆ. ಹಲವರು ಚೀಲದೊಳಗೆ ಮೊಬೈಲ್ ಇಟ್ಟು, ಕರೆ ಹೋಗುವುದಿಲ್ಲ ಎಂದು ಸಮಾಧಾನಪಡುತ್ತಾರೆ. ಆದರೆ ಇ-1ರ ಶಕ್ತಿಯ ಬಹುಪಾಲು ಇರುವುದು 100 ಮೆಗಾಹರ್ಟ್ಸ್‌ಗಿಂತ ಕೆಳಗೆ. ಮೊಬೈಲ್ ಮಾತಾಡುವುದು ಅದಕ್ಕಿಂತ ಎಷ್ಟೋ ಮೇಲೆ. ಆದ್ದರಿಂದ 88ರಿಂದ 108 ಮೆಗಾಹರ್ಟ್ಸ್‌ನ ಎಫ್‌ಎಂ ರೇಡಿಯೋ ಒಳ್ಳೆಯ ಪರೀಕ್ಷಕ. ನಾನು ಕೈಯಗಲದ ರೇಡಿಯೋವೊಂದನ್ನು ಊರಿನ ಪ್ರಬಲ ನಿಲಯಕ್ಕೆ ತಿರುಗಿಸಿ, ಧ್ವನಿಯನ್ನು ಪೂರ್ತಿ ಏರಿಸಿ, ಒಂದೊಂದೇ ಚೀಲದೊಳಗೆ ಇಟ್ಟು ಬಾಯಿಯನ್ನು ಎರಡು ಮಡಿಕೆ ಮಡಚಿ ನೋಡಿದೆ. ನಾಲ್ಕರಲ್ಲಿ ಹಾಡು ಕತ್ತರಿಸಿದಂತೆ ನಿಂತು ಬರೀ ಸುಯ್ ಎಂಬ ಸದ್ದು ಉಳಿಯಿತು. ಐದನೆಯದರಲ್ಲಿ ಹಾಡು ತೆಳ್ಳಗೆ ಕೇಳುತ್ತಲೇ ಇತ್ತು; ಬೆಳಕಿಗೆ ಹಿಡಿದು ನೋಡಿದಾಗ ಮೂಲೆಯ ಹೊಲಿಗೆಯಲ್ಲಿ ಲೋಹದ ಪದರ ಬಿರಿದಿತ್ತು. ಅದನ್ನು ಬದಲಿಸಿಕೊಟ್ಟರು.

ಇದರಿಂದ ಧೈರ್ಯ ಬಂದು, ಕಲಾಯಿ ಮಾಡಿದ ತಗಡಿನ ಕಸದ ಡ್ರಮ್ಮೊಂದನ್ನು 40 ಡಾಲರಿಗೆ ತಂದೆ. ನಮ್ಮ ತೀರ್ಥಹಳ್ಳಿಯ ಮನೆಯ ಅಕ್ಕಿ ಡ್ರಮ್ಮಿನಷ್ಟೇ ದೊಡ್ಡದು. ಮುಚ್ಚಳ ಹಾಕಿದರೂ ಒಳಗಿನ ರೇಡಿಯೋ ಹಾಡುತ್ತಿತ್ತು, ಏಕೆಂದರೆ ಮುಚ್ಚಳಕ್ಕೂ ಡ್ರಮ್ಮಿಗೂ ನಡುವೆ ಕೂದಲೆಳೆಯಷ್ಟು ಸಂದಿ ಸುತ್ತಲೂ ಇತ್ತು. ಅಗಲ ಎಷ್ಟೇ ಕಡಿಮೆಯಿದ್ದರೂ ಸಂದಿ ಉದ್ದವಾಗಿದ್ದರೆ ಅಲೆಗೆ ಅದು ಸಾಕು. ಅಂಟೂ ವಿದ್ಯುತ್ತನ್ನು ಹರಿಸುವಂಥ ತಾಮ್ರದ ಟೇಪನ್ನು ಆ ಸಂದಿಯ ಮೇಲೆ ಸುತ್ತುತ್ತ ಬಂದೆ. ಕೊನೆಯ ಎರಡು ಬೆರಳಗಲ ಮುಚ್ಚಿದ ಕ್ಷಣಕ್ಕೆ ಹಾಡು ನಿಂತಿತು. ಒಳಗೆ ಸುತ್ತಲೂ ರಟ್ಟು ಹಾಸಿ, ವಸ್ತುಗಳು ತಗಡಿಗೆ ತಾಗದಂತೆ ಮಾಡಿದ್ದೇನೆ: ಬ್ಯಾಟರಿಯ ಹವಾಮಾನ ರೇಡಿಯೋ, ಮಡಚುವ ಸೌರ ಫಲಕ ಮತ್ತು ಅದರ ಚಾರ್ಜ್ ಕಂಟ್ರೋಲರ್, ಎರಡು ಟಾರ್ಚ್, ಹಳೆಯ ಫೋನೊಂದು, ಮಕ್ಕಳ ಫೋಟೋ ಮತ್ತು ಕಾಗದಪತ್ರಗಳ ಪ್ರತಿಯಿರುವ ಡ್ರೈವ್. ರೇಡಿಯೋ ಪರೀಕ್ಷೆಯಲ್ಲಿ ಗೆದ್ದ ಡ್ರಮ್ಮು ಸೇನೆಯ ಮಾನದಂಡವನ್ನೂ ಗೆದ್ದಿದೆ ಎಂದು ಅರ್ಥವಲ್ಲ, ಆದರೆ ತಂತಿ ಸಿಕ್ಕಿಸದೆ ಇಟ್ಟ ಸಣ್ಣ ವಸ್ತುಗಳಿಗೆ ಇಷ್ಟು ತಡೆ ಬಹಳ ದೊಡ್ಡದು. ಉಳಿದ ಚೀಲವೊಂದರಲ್ಲಿ ಕಾರಿನ ಕೀಲಿಗಳಿವೆ. ಕೀಲಿಯ ಸಂಕೇತವನ್ನು ದೂರದಿಂದ ಹಿಡಿದು ಕಾರು ಕದಿಯುವವರಿಗೂ ಅದರಿಂದ ತಡೆಯಾಗುತ್ತದೆ. ಚೀಲ ಕೊಳ್ಳಲಾಗದವರು ವಸ್ತುವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅಡುಗೆಮನೆಯ ದಪ್ಪ ಅಲ್ಯೂಮಿನಿಯಂ ಹಾಳೆಯನ್ನು ಸಂದಿಯಿಲ್ಲದಂತೆ ಎರಡು ಮೂರು ಸುತ್ತು ಸುತ್ತಿದರೂ ಕೆಲಸ ನಡೆಯುತ್ತದೆ.

ಕಾರಿನ ಪೆಟ್ಟಿಗೆಗೆ ಕೊಟ್ಟ 300 ಡಾಲರ್ ಈಗ ಕೈಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ ಎಂಬುದನ್ನು 2021ರ ವಾರವೇ ನನಗೆ ಕಲಿಸಿದೆ. ಅಂದು ನಮ್ಮ ಕಾರಿಗೆ ಏನೂ ಆಗಿರಲಿಲ್ಲ, ಆದರೆ ಕರೆಂಟಿಲ್ಲದೆ ಪೆಟ್ರೋಲ್ ಬಂಕಿನ ಪಂಪುಗಳು ನಿಂತಿದ್ದವು, ಕಾರ್ಡು ಉಜ್ಜುವ ಯಂತ್ರಗಳು ಸತ್ತಿದ್ದವು. ಆದ್ದರಿಂದ ಟ್ಯಾಂಕು ಎಂದೂ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು, ಡ್ಯಾಷ್‌ಬೋರ್ಡಿನಲ್ಲಿ ಕಾಗದದ ನಕ್ಷೆ, ಸಣ್ಣ ನೋಟುಗಳ ಒಂದು ಕಂತೆ, ಡಿಕ್ಕಿಯಲ್ಲಿ ಕಂಬಳಿ ಮತ್ತು ಗಾಳಿ ತುಂಬುವ ಪಂಪು, ಇವೇ ವಾಹನದ ನಿಜವಾದ ಸಿದ್ಧತೆ. ಮನೆಯಲ್ಲಿ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಎಂದರೆ ನಾಲ್ಕು ಲೀಟರಿಗೆ ಹತ್ತಿರ, ನೀರು ಎಂಬುದು ಇಲ್ಲಿನ ಸರ್ಕಾರ ಹೇಳುವ ಲೆಕ್ಕ. ನಾಲ್ಕು ಜನಕ್ಕೆ ಎರಡು ವಾರಕ್ಕೆ 56 ಗ್ಯಾಲನ್ ಗ್ಯಾರೇಜಿನಲ್ಲಿದೆ. ಇಂಗಾಲದ ಮಾನಾಕ್ಸೈಡ್ ಪತ್ತೆಹಚ್ಚುವ ಬ್ಯಾಟರಿಯ ಯಂತ್ರವನ್ನೂ ಮೊದಲ ಸಾಲಿನಲ್ಲಿ ಇಡುತ್ತೇನೆ. ಬೆಚ್ಚಗಿರಲೆಂದು ಮುಚ್ಚಿದ ಗ್ಯಾರೇಜಿನೊಳಗೆ ಕಾರು ಚಾಲೂ ಮಾಡಿ ಕೂತು ಆ ವಾರ ಪ್ರಾಣ ಕಳೆದುಕೊಂಡವರಿದ್ದಾರೆ.

ಊರಿನ ನೆಂಟರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ನಾವು ಇದನ್ನು ಹಾಕಿಸಿದ ಸುದ್ದಿ ಕೇಳಿ ನನ್ನ ಚಿಕ್ಕಪ್ಪ "ಬರುವಾಗ ನಮಗೂ ಒಂದು ತಗೊಂಡ್ ಬಾ" ಎಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅಮೆರಿಕದ ಮನೆಗಳಲ್ಲಿ ಒಂದು ತಂತಿಗೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್ ಮಾತ್ರ. ಅದಕ್ಕೆಂದು ಮಾಡಿದ ಬಿಲ್ಲೆಗಳಿಗೆ ನಮ್ಮೂರಿನ 230 ವೋಲ್ಟ್ ಕೊಟ್ಟರೆ ಅವು ಕಾದು ಬೆಂಕಿ ಹತ್ತುವ ಅಪಾಯವಿದೆ. ಭಾರತದಲ್ಲಿ 230 ವೋಲ್ಟಿಗೆ ತಕ್ಕ ಸರ್ಜ್ ಪ್ರೊಟೆಕ್ಟರ್‌ಗಳು ಸಿಗುತ್ತವೆ, ಮೇನ್ ಬೋರ್ಡಿನಲ್ಲಿ ಎಂಸಿಬಿಗಳ ಪಕ್ಕದಲ್ಲೇ ಕೂರುತ್ತವೆ. ಆದರೆ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದನ್ನು ಹಾಕಿದರೆ ಆಘಾತಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಚಿಕ್ಕಪ್ಪನ ಮನೆಯಲ್ಲಿ ಅರ್ಥಿಂಗ್ ಗುಂಡಿಗೆ ಎಷ್ಟೋ ವರ್ಷಗಳಿಂದ ನೀರು ಹಾಕಿರಲಿಲ್ಲ, ಮೇಲಿನ ತಂತಿ ತುಕ್ಕು ಹಿಡಿದು ಕೈಗೆ ಬಂತು. ಮೊದಲು ಅದನ್ನು ಸರಿಮಾಡಿಸಿದೆವು. ಏಪ್ರಿಲ್ ಮೇ ತಿಂಗಳಿನಲ್ಲಿ ಮಲೆನಾಡಿನ ಮನೆಗಳ ಟಿವಿ, ಇನ್ವರ್ಟರ್‌ಗಳನ್ನು ತಿನ್ನುವುದು ಇಎಂಪಿಯಲ್ಲ, ಮುಂಗಾರಿಗೆ ಮುಂಚಿನ ಸಿಡಿಲು. ನಾವು ಸಣ್ಣವರಿದ್ದಾಗ ಕುಂದಾದ್ರಿಯ ಕಡೆಯಿಂದ ಮೊದಲ ಗುಡುಗು ಕೇಳಿದ ಕೂಡಲೇ ಅಪ್ಪ ಜಗಲಿಯಿಂದಲೇ ಕೂಗುತ್ತಿದ್ದರು: "ಮೊದ್ಲು ಪ್ಲಗ್ ತೆಗಿ ಮಗಾ, ಆಂಟೆನಾ ವೈರೂ ತೆಗಿ." ಕರೆಂಟಿನದ್ದನ್ನು ಮಾತ್ರವಲ್ಲ, ಆಂಟೆನಾದ ತಂತಿಯನ್ನೂ ಕೀಳಬೇಕೆಂಬುದನ್ನು ಅಪ್ಪ ಅಂದೇ ಹೇಳಿದ್ದರು, ನನ್ನ ಮೋಡೆಮ್ ಸುಟ್ಟ ಬೆಳಗ್ಗೆ ನನಗೆ ನೆನಪಾದದ್ದು ಆ ಕೂಗು.

ಮನೆಯ ಪೆಟ್ಟಿಗೆಯಲ್ಲಿ ಆರಿದ ದೀಪಕ್ಕೆ ಬದಲಿ ಕೊಡುತ್ತೇವೆ ಎಂದು ಕಂಪನಿ ಒಪ್ಪಿತು, ಆದರೆ ಹಳೆಯದನ್ನು ಬಿಚ್ಚಿ ಮೊದಲು ಕಳುಹಿಸಬೇಕು ಎಂದಿತು. ಮಳೆಗಾಲದ ನಡುವೆ ಹತ್ತು ದಿನ ಮನೆಯನ್ನು ಬರಿದಾಗಿ ಬಿಡಲು ಮನಸ್ಸಾಗದೆ, ಯುಎಲ್ 1449 ಗುರುತಿರುವ 120 ಡಾಲರಿನದನ್ನೇ ಅದೇ ಎಲೆಕ್ಟ್ರಿಷಿಯನ್‌ನಿಂದ ಗಿಡ್ಡ ತಂತಿಗಳೊಂದಿಗೆ ಹಾಕಿಸಿದೆ. ಮನೆಯ ಉಪಕರಣಕ್ಕೆ ಐದರಲ್ಲಿ ಮೂರು ಅಂಕ, ಬೆಲೆ ಕಡಿಮೆಯಿದ್ದರೆ ನಾಲ್ಕು ಕೊಡುತ್ತಿದ್ದೆ. ಚೀಲಗಳಿಗೆ ನಾಲ್ಕು. ಕಾರಿನದಕ್ಕೆ ಒಂದು. ಡ್ರಮ್ಮಿನ ಟೇಪನ್ನು ವರ್ಷಕ್ಕೆ ಎರಡು ಸಲ, ಯುಗಾದಿಗೂ ದೀಪಾವಳಿಗೂ ಬಿಚ್ಚಿ, ಒಳಗಿನ ಬ್ಯಾಟರಿಗಳನ್ನು ಚಾರ್ಜ್ ಮಾಡಿ, ರೇಡಿಯೋ ಹಾಕಿಟ್ಟು ಮತ್ತೆ ಸುತ್ತುತ್ತೇವೆ. ಕೊನೆಯ ಸಂದಿ ಮುಚ್ಚಿ ಹಾಡು ನಿಲ್ಲಿಸುವ ಕೆಲಸ ಈಗ ದೊಡ್ಡ ಮಗಳದು.